ಹೆಂಗಸರ ಕೈ ಆಗದ ಕಾರು

ನಾಲ್ಕು ರಸ್ತೆ ಕೂಡುವ ಜಾಗದಲ್ಲಿ, ಸರಿಯಾಗಿ ನಟ್ಟನಡುವೆ, ಕಾರು ಮತ್ತೆ ನಿಂತುಹೋಯಿತು. ಕೆಮ್ಮಲಿಲ್ಲ, ನರಳಲಿಲ್ಲ, ಒಂದು ಮುನ್ಸೂಚನೆಯನ್ನೂ ಕೊಡಲಿಲ್ಲ. ಓಡುತ್ತಿದ್ದದ್ದು ಓಡುತ್ತಿದ್ದ ಹಾಗೇ ಸುಮ್ಮನಾಯಿತು. ಹಿಂದಿನಿಂದ ಹಾರ್ನ್‌ಗಳು ಶುರುವಾದವು.

ಸೊಸೆ ಕೀಲಿ ತಿರುಗಿಸಿದಳು. ಸೆಲ್ಫ್ ಗರಗರ ತಿರುಗಿತೇ ಹೊರತು ಇಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದಳು. ಒಬ್ಬ ಸ್ಕೂಟರಿನವನು ಪಕ್ಕಕ್ಕೇ ಬಂದು ನಿಂತು, "ಓಡ್ಸೋಕೆ ಬರ್ದಿದ್ರೆ ಮನೇಲಿರ್ಬೇಕಮ್ಮ" ಎಂದು ಉಪದೇಶ ಕೊಟ್ಟು ಹೋದ. ಅವನ ಹಿಂದೆಯೇ ಓಡಿಹೋಗಿ ಹೆಲ್ಮೆಟ್ ಕಿತ್ತು ನಾಲ್ಕು ಮಾತು ಆಡಬೇಕೆನ್ನುವಷ್ಟು ಅವಳ ಮೈ ಉರಿಯಿತು. ಆದರೆ ಪಕ್ಕದ ಸೀಟಿನಲ್ಲಿ ಅತ್ತೆ ಇದ್ದರು. ಹಣ್ಣಿನ ಚೀಲವನ್ನು ಎದೆಗೆ ಒತ್ತಿಕೊಂಡು, ತಾವೇ ಏನೋ ಅಪರಾಧ ಮಾಡಿದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು.

"ಇದಕ್ಕೆ ಹೆಂಗಸರ ಕೈ ಆಗಿಬರಲ್ಲ ಕಣೇ," ಅಂದರು ಮೆಲ್ಲಗೆ. "ನಾನು ಮೊದಲೇ ಹೇಳ್ದೆ. ನಾನು ಬೇರೆ ಜೊತೇಲಿದೀನಿ."

"ಅತ್ತೆ, ಕಬ್ಬಿಣಕ್ಕೆ ಗಂಡು ಹೆಣ್ಣು ಗೊತ್ತಾಗತ್ತಾ?"

"ಗೊತ್ತಾಗತ್ತೋ ಬಿಡತ್ತೋ. ನಂಗಂತೂ ಆಗ್ಲಿಲ್ಲ."

ಅಷ್ಟರಲ್ಲಿ ಗಂಡ ಬಂದ. ಅವನ ಕಚೇರಿ ಹತ್ತಿರದಲ್ಲೇ ಇತ್ತು, ಫೋನು ಮಾಡಿದರೆ ನಡೆದುಕೊಂಡೇ ಬಂದುಬಿಡುತ್ತಿದ್ದ. ಏಣಿಯಂಥ ಆಳು. ಬಾಗಿಲು ತೆಗೆದ, ಹೆಂಡತಿಯನ್ನು ಇಳಿಸಿದ, ಸೀಟನ್ನು ಕಿರ್ರೆಂದು ಹಿಂದಕ್ಕೆ ತಳ್ಳಿ ಕೂತ, ಕೀಲಿ ತಿರುಗಿಸಿದ. ಕಾರು ಒಂದೇ ಸಲಕ್ಕೆ ಹಿಡಿಯಿತು. ಸುತ್ತ ನಿಂತಿದ್ದವರು ನಕ್ಕರು. ಗಂಡನೂ ನಗಬಾರದೆಂದು ಎಷ್ಟು ಪ್ರಯತ್ನಪಟ್ಟರೂ ಅವನ ತುಟಿಯ ತುದಿ ಅವನ ಮಾತು ಕೇಳಲಿಲ್ಲ. ಅದನ್ನು ಸೊಸೆ ನೋಡಿದಳು, ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಳು.

ಈ ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಮಾವ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಹೊಸದಾಗಿ ಕೊಂಡದ್ದು. ದುಂಡು ಬೆನ್ನು, ದುಂಡು ದೀಪ, ಹಾಲಿನ ಕೆನೆಯ ಬಣ್ಣ. ಮಾವ ಪ್ರಾಂಶುಪಾಲರಾಗಿ ನಿವೃತ್ತರಾದ ಮೇಲೆ ಹಳೇ ಕಾರುಗಳ ಸಂಘ ಸೇರಿಕೊಂಡರು. ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನದಲ್ಲಿ ಈ ಕಾರಿಗೆ ಬಹುಮಾನ ಬಂದೇ ಬರುತ್ತಿತ್ತು, ಏಕೆಂದರೆ ಇದರಲ್ಲಿ ಎಲ್ಲವೂ ಕಂಪನಿಯಿಂದ ಬಂದ ಹಾಗೇ ಇತ್ತು. ನೆಲಹಾಸು ಕೂಡ ಅದೇ. ಮನೆಯ ಹೊಸ ಕಾರನ್ನು ಗಂಡ ಕೆಲಸದ ಮೇಲೆ ಊರೂರು ಸುತ್ತುವುದಕ್ಕೆ ಬಳಸುತ್ತಿದ್ದ, ಕಚೇರಿಯಲ್ಲೇ ಇದ್ದ ದಿನ ಅದು ಕಚೇರಿಯವರ ಕೈಯಲ್ಲಿರುತ್ತಿತ್ತು. ಹಳೆಯದು ಮಾತ್ರ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿರುತ್ತಿತ್ತು.

ಊರಿನ ಇನ್ನೊಂದು ತುದಿಯಲ್ಲಿ ಅತ್ತೆಯ ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅಕ್ಕ ತಂಗಿಯರಲ್ಲಿ ಉಳಿದಿದ್ದವರು ಅವರಿಬ್ಬರೇ. ಅತ್ತೆಯ ಮಂಡಿಗೆ ಬಸ್ಸಿನ ಮೆಟ್ಟಿಲು ಆಗುತ್ತಿರಲಿಲ್ಲ. "ಫೋನಿದೆಯಲ್ಲ, ಮಾತಾಡು" ಅನ್ನುತ್ತಿದ್ದರು ಮಾವ. ಮಲಗಿದವಳ ಕಾಲು ಒತ್ತುವುದಕ್ಕೆ, ತಲೆ ಬಾಚುವುದಕ್ಕೆ ಫೋನಿನಲ್ಲಿ ಆಗುತ್ತದೆಯೇ? ಹಾಗಾಗಿ ಸೊಸೆ ತನ್ನ ವಾರದ ರಜೆಯ ದಿನ ಹಳೇ ಕಾರಿನಲ್ಲಿ ಅತ್ತೆಯನ್ನು ಕರೆದುಕೊಂಡು ಹೋಗುವುದಕ್ಕೆ ಶುರುಮಾಡಿದಳು. ಆ ದಿನ ಬೆಳಗಾದರೆ ಅತ್ತೆಯ ಮುಖವೇ ಬೇರೆಯಾಗಿರುತ್ತಿತ್ತು.

ಆದರೆ ಕಾರು ಕೈಕೊಡುತ್ತಿತ್ತು. ಒಂದು ವಾರ ಪೆಟ್ರೋಲ್ ಬಂಕಿನ ಮುಂದೆ, ಇನ್ನೊಂದು ವಾರ ರೈಲ್ವೆ ಗೇಟಿನ ಹತ್ತಿರ, ಈಗ ನಡುರಸ್ತೆಯಲ್ಲಿ. ಪ್ರತಿ ಸಲವೂ ಗಂಡನೋ, ಮಾವನೋ, ದಾರಿಹೋಕ ಗಂಡಸೋ ಬಂದು ಕೂತರೆ ಹಿಡಿಯುತ್ತಿತ್ತು.

ಆವತ್ತು ಸಂಜೆ ಮಾವ ಕೈ ಚಾಚಿದರು. "ಕೀಲಿ ಕೊಡಮ್ಮ."

ಕೊಟ್ಟಳು.

"ನನಗೇನೂ ಬೇಜಾರಿಲ್ಲ," ಅಂದರು ಮಾವ, ಕೊನೆಯ ಬೆಂಚಿನವರಿಗೂ ಕೇಳಿಸುವ ಹಾಗೆ ಮಾತಾಡುವುದು ಅವರಿಗೆ ಅಭ್ಯಾಸ. "ಪ್ರಯತ್ನ ಮಾಡಿದೆ, ಒಳ್ಳೇದೇ. ಆದ್ರೆ ಕೆಲವು ಯಂತ್ರಕ್ಕೆ ಕೈಗುಣ ಅನ್ನೋದು ಇರತ್ತೆ. ನಿಮ್ಮತ್ತೆಗೂ ನಾನೇ ಕಲಿಸಿದೆ, ಆ ಕಾಲದಲ್ಲಿ! ಬೀದಿಯೋರೆಲ್ಲ ನೋಡೋಕೆ ಬರ್ತಿದ್ರು. ಏನಾಯ್ತು? ಅವಳ ಕೈಗೂ ಇದು ಒಗ್ಗಲಿಲ್ಲ. ಇನ್ಮೇಲೆ ಹೆಂಗಸರು ಇದನ್ನ ಮುಟ್ಟೋದು ಬೇಡ."

"ಹಾಗಾದ್ರೆ ದೊಡ್ಡಮ್ಮನ ಮನೆಗೆ?"

"ತಿಂಗಳಿಗೊಂದ್ಸಲ ನಾನೇ ಬಿಟ್ಟು ಬರ್ತೀನಿ. ನನಗೆ ಬಿಡುವಾದಾಗ."

ಮಾವನ ಬಿಡುವು ಎಂಥದ್ದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಮೂಲೆಯ ಸಾಕೆಟ್ಟಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಾವನ ಅಂಗಿ ಇಸ್ತ್ರಿ ಮಾಡುತ್ತಿದ್ದರು. ಭಾರದ ಹಳೇ ಇಸ್ತ್ರಿ ಪೆಟ್ಟಿಗೆ, ವೈರು ಒಂದು ಮೊಳ. ಮೇಜಿನವರೆಗೆ ಎಟುಕದು, ನೆಲದ ಮೇಲೇ ಮಾಡಬೇಕು. ಹೊಸದು ತರುತ್ತೇನೆಂದು ಸೊಸೆ ಎಷ್ಟೋ ಸಲ ಹೇಳಿದ್ದಳು. "ಇದಕ್ಕೇನಾಗಿದೆ, ವೈರು ಗಿಡ್ಡ ಅಷ್ಟೇ, ಇಲಿ ಕಡಿದಿತ್ತಂತೆ" ಅನ್ನುತ್ತಿದ್ದರು ಅತ್ತೆ. ಈಗಲೂ ಅವರು ತಲೆ ಎತ್ತಲಿಲ್ಲ. ಕಾಲರಿನ ಒಂದೇ ಮಡಿಕೆಯ ಮೇಲೆ ಪೆಟ್ಟಿಗೆಯನ್ನು ಮತ್ತೆ ಮತ್ತೆ ಎಳೆಯುತ್ತಿದ್ದರು.

ಸೊಸೆಗೆ ಆ ರಾತ್ರಿ ಊಟ ಸೇರಲಿಲ್ಲ. ಕಾರು ನಿಂತದ್ದಕ್ಕಲ್ಲ, ಯಂತ್ರ ಎಂದ ಮೇಲೆ ನಿಲ್ಲುತ್ತದೆ. ನಿಂತ ಯಂತ್ರದ ತಪ್ಪನ್ನು ತನ್ನ ಕೈಗೆ ಅಂಟಿಸಿ, ಅದನ್ನು ಒಂದು ತತ್ವ ಮಾಡಿ ಹೇಳಿದರಲ್ಲ, ಅದಕ್ಕೆ.

ಮಾರನೇ ದಿನ ಮಾವ ತಮ್ಮ ನಂಬಿಕೆಯ ಮೆಕ್ಯಾನಿಕ್ಕನ್ನು ಕರೆಸಿದರು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಇಂಜಿನ್ನಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುವ ಅಭ್ಯಾಸ ಅವನಿಗೆ, ಅದಕ್ಕೇ ಎಲ್ಲರೂ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಮಾತು ಜಾಸ್ತಿ, ಅನುಮಾನ ಕಡಿಮೆ.

"ಇಂಜಿನ್ ಉರಿಯೋಕೆ ಪೆಟ್ರೋಲ್ ಬೇಕು, ಕಿಡಿ ಬೇಕು," ಅಂದ ಡಾಕ್ಟರ್, ಸೊಸೆಯ ಕಡೆ ತಿರುಗಿಯೂ ನೋಡದೆ. "ಪೆಟ್ರೋಲ್ ಬರ್ತಿದೆ ಸಾರ್. ಪ್ರಾಬ್ಲಂ ಕಿಡೀದು."

ಕಿಡಿಯ ಹಾದಿಯಲ್ಲಿ ಸಿಕ್ಕಿದ್ದನ್ನೆಲ್ಲ ಅವನು ಆಗಲೇ ಬದಲಾಯಿಸಿದ್ದ. ಮೊದಲ ಸಲ ಪ್ಲಗ್ಗುಗಳು. ಎರಡನೇ ಸಲ ಪಾಯಿಂಟು, ಕಂಡೆನ್ಸರು. ಈಗ ಕಿಡಿಗೆ ಕರೆಂಟು ಕೊಡುವ ಕಾಯಿಲ್. ಪ್ರತಿ ಸಲವೂ ಹೊಸದು ಹಾಕಿ, ಸೀಟು ಹಿಂದಕ್ಕೆ ತಳ್ಳಿ ಕೂತು, ಬೀದಿ ಸುತ್ತಿ ಬಂದು, "ಕುದುರೆ ಸಾರ್, ಕುದುರೆ!" ಅನ್ನುತ್ತಿದ್ದ. ಅವನು ಓಡಿಸಿದರೆ ಕುದುರೆಯೇ.

"ಒಳಗಡೆ ವೈರಿಂಗ್ ಒಂದ್ಸಲ ನೋಡ್ಬಾರ್ದಾ?" ಅಂದಳು ಸೊಸೆ. "ನೆಲಹಾಸು ಎತ್ತಿ?"

ಡಾಕ್ಟರ್ ತಲೆ ಕೆರೆದುಕೊಂಡ. "ನೋಡ್ಬೋದು. ಹಳೇ ವೈರು..."

"ಬೇಡ ಬೇಡ," ಅಂದರು ಮಾವ, ಥಟ್ಟನೆ. "ನೆಲಹಾಸು ಎತ್ತಿದ್ರೆ ಅಂಚು ಹರಿಯತ್ತೆ. ಪ್ರದರ್ಶನದಲ್ಲಿ ಅದಕ್ಕೇ ಅಂಕ. ಬಾನೆಟ್ ಬಿಟ್ಟು ಬೇರೆ ಕಡೆ ಕೈ ಹಾಕೋದು ಬೇಡ."

"ಹಾಗಾದ್ರೆ ಗಾಡೀಲಿ ಏನೂ ಇಲ್ಲ ಸಾರ್," ಎಂದು ಡಾಕ್ಟರ್ ಕೈ ಒರೆಸಿಕೊಂಡ. "ಮೇಡಂ ಓಡ್ಸೋವಾಗ ಮಾತ್ರ ನಿಲ್ಲತ್ತೆ ಅಂದ್ರೆ, ಓಡ್ಸೋದ್ರಲ್ಲೇ ಏನೋ ಇದೆ."

ಸೊಸೆಯ ಕಿವಿ ಬಿಸಿಯಾಯಿತು. ಈ ಮಾತು ಅವಳಿಗೆ ಹೊಸದಲ್ಲ. ಅವಳು ಕೆಲಸ ಮಾಡುತ್ತಿದ್ದದ್ದು ನೀರು ಸರಬರಾಜು ಕಚೇರಿಯ ದೂರಿನ ಮೇಜಿನಲ್ಲಿ. ಬೆಳಗ್ಗೆಯಿಂದ ಸಂಜೆವರೆಗೆ ಫೋನಿನಲ್ಲಿ ಜನ ಬೈಯುತ್ತಾರೆ, ಅವಳು ಬರೆದುಕೊಂಡು ಮೇಲಿನವರಿಗೆ ಹೇಳುತ್ತಾಳೆ, ಮೇಲಿನವರು "ನಮ್ಮ ಕಡೆಯಿಂದ ಎಲ್ಲಾ ಸರಿಯಿದೆ, ಅವರ ಮನೆ ನಲ್ಲಿಯಲ್ಲೇ ಏನೋ ಇದೆ" ಅನ್ನುತ್ತಾರೆ. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಅವಳು ಕಲಿತದ್ದು ಒಂದೇ. ದೂರು ಹೇಳುವವರು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಅವರನ್ನು ಕೇಳಬೇಕಾದದ್ದು, ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ, ಎರಡರ ನಡುವೆ ಏನು ಬದಲಾಗುತ್ತದೆ ಎಂದು. ಕೇಳುವ ತಾಳ್ಮೆ ಇದ್ದರೆ ಒಡೆದ ಪೈಪು ತಾನಾಗಿ ಸಿಗುತ್ತದೆ.

ಈಗ ದೂರು ತನ್ನದೇ. ತನ್ನನ್ನೇ ಕೇಳಿಕೊಂಡಳು. ತಾನು ಕೂತಾಗ ನಿಲ್ಲುತ್ತದೆ, ಗಂಡ ಕೂತಾಗ ಓಡುತ್ತದೆ. ಏನು ಬದಲಾಗುತ್ತದೆ? ಪೆಟ್ರೋಲ್ ಅದೇ, ರಸ್ತೆ ಅದೇ. ಗೇರು ಬದಲಿಸುವ ರೀತಿಯೇ? ಚೋಕ್ ಎಳೆಯುವ ರೀತಿಯೇ? ಆದರೆ ನಿಂತಮೇಲೆ ತಾನು ಎಷ್ಟು ತಿರುಗಿಸಿದರೂ ಹಿಡಿಯದ್ದು, ಅವನು ಬಂದು ಕೂತೊಡನೆ ಹಿಡಿಯುತ್ತದಲ್ಲ, ಆ ನಡುವೆ ಅವನು ಏನು ಮಾಡುತ್ತಾನೆ? ಬಾಗಿಲು ತೆಗೆಯುತ್ತಾನೆ. ಕೂರುತ್ತಾನೆ. ಕೂರುವುದಕ್ಕೆ ಮೊದಲು...

ಕಚೇರಿಯಲ್ಲಿ ಒಬ್ಬರು ಫೋನಿನಲ್ಲಿ ಕೂಗಾಡುತ್ತಿದ್ದರು. ಸೊಸೆ ಎದ್ದುನಿಂತುಬಿಟ್ಟಳು. "ಸ್ವಲ್ಪ ಇರಿ ಸಾರ್, ನಿಮ್ಮ ನೀರು ಖಂಡಿತ ಬರತ್ತೆ," ಅಂದಳು. ಅವರು ಎಷ್ಟು ಬೈದರೂ ಆವತ್ತು ಅವಳಿಗೆ ತಾಗಲಿಲ್ಲ.

ಆದರೆ ಕೀಲಿ ಮಾವನ ಹತ್ತಿರ ಇತ್ತು.

ರಜೆಯ ದಿನ ಮಧ್ಯಾಹ್ನ ಮಾವ ಸಂಘದ ಸಭೆಗೆ ಹೊರಟರು. ಯಾರದೋ ಕಾರಿನಲ್ಲಿ. ಅವರು ಬೀದಿ ತಿರುಗಿದ್ದನ್ನು ಕಿಟಕಿಯಿಂದ ನೋಡಿ ಸೊಸೆ ಗಂಡನನ್ನು ಎಬ್ಬಿಸಿದಳು. "ಸೀಟು" ಎಂದು ಅವಳು ವಿವರಿಸುತ್ತಿರುವಾಗಲೇ ಅತ್ತೆ ಒಳಗೆ ಹೋಗಿ, ಮಾವನ ಕೋಟಿನ ಜೇಬಿಗೆ ಕೈ ಹಾಕಿ, ಮುಷ್ಟಿ ಬಿಗಿದುಕೊಂಡು ಬಂದರು. ಸೊಸೆಯ ಅಂಗೈ ಮೇಲೆ ಮುಷ್ಟಿ ಬಿಚ್ಚಿದರು. ಇಷ್ಟು ವರ್ಷದಲ್ಲಿ ಆ ಜೇಬಿಗೆ ಅವರು ಕೇಳದೆ ಕೈ ಹಾಕಿದ್ದು ಅದೇ ಮೊದಲಿರಬೇಕು.

"ಬೇಗ ಮಾಡ್ರಪ್ಪ," ಅಂದರು.

ಮೊದಲು ಗಂಡ ತನ್ನ ರೀತಿ ಕೂತು ಬೀದಿ ಸುತ್ತಿ ಬಂದ. ಕುದುರೆ. ಆಮೇಲೆ ಸೊಸೆ ಅವನನ್ನು ಇಳಿಸದೆ, "ಈಗ ಸೀಟು ಪೂರ್ತಿ ಮುಂದಕ್ಕೆ ಎಳ್ಕೊಳ್ಳಿ," ಅಂದಳು.

"ಹುಚ್ಚೇನೇ? ನಾನು ಎಲ್ಲಿ ಹಿಡಿಸ್ತೀನಿ?"

"ಎಳ್ಕೊಳ್ಳಿ ಅಂದ್ರೆ ಎಳ್ಕೊಳ್ಳಿ. ನಾನು ಕೂರೋ ಹಾಗೆ."

ಎಳೆದುಕೊಂಡ. ಮಂಡಿಗಳು ಸ್ಟೀರಿಂಗಿನ ಎರಡು ಪಕ್ಕಕ್ಕೆ ಕಿವಿಯವರೆಗೆ ಬಂದವು. ಗದ್ದ ಹಾರ್ನಿನ ಮೇಲೆ. ಸೊಸೆ ಹಿಂದೆ ಕೂತಳು, ಅತ್ತೆಯೂ ಹತ್ತಿದರು. ಕಪ್ಪೆಯ ಹಾಗೆ ಕೂತ ಗಂಡ ಗೊಣಗುತ್ತ ಕಾರು ಹೊರಡಿಸಿದ. ಬೀದಿಯ ಕೊನೆಯಲ್ಲಿ ಒಂದು ಉಬ್ಬಿದೆ. ಮುಂದಿನ ಚಕ್ರ ಹತ್ತಿ ಇಳಿಯಿತು, ಹಿಂದಿನ ಚಕ್ರ ಹತ್ತಿತು, ಧಡಕ್ಕೆಂದು ಇಳಿಯಿತು, ಕಾರು ಸತ್ತುಹೋಯಿತು.

ಗಂಡ ಕೀಲಿ ತಿರುಗಿಸಿದ. ಗರಗರ. ಮತ್ತೆ ತಿರುಗಿಸಿದ. ಗರಗರ.

"ಏನಾಯ್ತು ನಿಮ್ಮ ಕೈಗುಣ?" ಅಂದಳು ಹೆಂಡತಿ.

ಹಿಂದಿನ ಸೀಟಿನಲ್ಲಿ ಅತ್ತೆ ನಕ್ಕುಬಿಟ್ಟರು. ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಡ ಸೀಟು ಹಿಂದಕ್ಕೆ ತಳ್ಳಿ ಕೀಲಿ ತಿರುಗಿಸಿದ, ಹಿಡಿಯಿತು. ಮುಂದಕ್ಕೆ ಎಳೆದು ಕುಲುಕಿದ, ನಿಂತಿತು. ಅವನ ಮುಖ ನೋಡುವ ಹಾಗಿತ್ತು. ಚಿಕ್ಕಂದಿನಿಂದ ನಂಬಿಕೊಂಡು ಬಂದ ಮಾತೊಂದು ಒಂದು ಸೀಟಿನ ಹಳಿಯ ಮೇಲೆ ನಿಂತಿತ್ತೆಂದು ಅವನಿಗೆ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಮನೆ ಮುಂದೆ ತಂದು ಸೀಟಿನ ಬೋಲ್ಟು ಬಿಚ್ಚಿ ಹೊರಗಿಟ್ಟರು. ನೆಲಹಾಸಿನ ಅಂಚನ್ನು ಸೊಸೆ ಉಗುರಿನಿಂದ ಮೆಲ್ಲಗೆ ಎತ್ತಿದಳು, ಅಂಚು ಹರಿಯಲಿಲ್ಲ. ಅದರ ಕೆಳಗೆ, ಸೀಟಿನ ಹಳಿಗೆ ಅಂಟಿಕೊಂಡ ಹಾಗೆ, ಒಂದು ವೈರು ಹೋಗಿತ್ತು. ಸೀಟು ಪೂರ್ತಿ ಮುಂದೆ ಬಂದಾಗ ಅದರ ಕಾಲು ವೈರನ್ನು ನೆಲದ ತಗಡಿಗೆ ಅದುಮುತ್ತಿತ್ತು. ಒಣಗಿದ ಹೊದಿಕೆ ಅಲ್ಲಿ ಉದುರಿಹೋಗಿ ತಾಮ್ರ ಹೊಳೆಯುತ್ತಿತ್ತು.

ಗಂಡ ಆ ವೈರನ್ನು ಹಿಡಿದು ಒಂದು ತುದಿಗೆ ಹೋದ. ಅದು ಬಾನೆಟ್ಟಿನೊಳಗೆ ಹೋಗಿ, ಬೇರೆ ವೈರುಗಳ ಕಟ್ಟಿನಲ್ಲಿ ಅಡಗಿ, ಕಾಯಿಲ್ಲಿಗೆ ಸೇರಿತ್ತು. ಡಾಕ್ಟರ್ ಕಾಯಿಲ್ ಬದಲಿಸಿದಾಗ ಅದನ್ನೂ ಬಿಚ್ಚಿ, ಹಳೆಯದರಲ್ಲಿ ಇದ್ದ ಹಾಗೇ ಹೊಸದಕ್ಕೂ ಕಟ್ಟಿದ್ದ. "ಈ ವೈರು ಗಾಡಿಯ ಕಬ್ಬಿಣಕ್ಕೆ ತಗುಲಿದ್ರೆ ಅರ್ತ್ ಆಗತ್ತೆ, ಕರೆಂಟೆಲ್ಲ ಸೋರಿಹೋಗತ್ತೆ," ಅಂದ ಗಂಡ. "ಅರ್ತ್ ಆದ್ರೆ ಕಿಡಿ ಹುಟ್ಟೋದೇ ಇಲ್ಲ. ಇದೇ ನಿಲ್ಲಿಸ್ತಿದ್ದದ್ದು." ಇನ್ನೊಂದು ತುದಿಗೆ ಬಂದ. ಸೀಟು ಇದ್ದ ಜಾಗದ ಮುಂಭಾಗದಲ್ಲಿ, ಕೂತವರು ಕೈ ಇಳಿಬಿಟ್ಟರೆ ಬೆರಳಿಗೆ ಸಿಗುವ ಹಾಗೆ, ಕಾಣದ ಹಾಗೆ, ಒಂದು ಪುಟ್ಟ ಸ್ವಿಚ್ಚು.

"ಸ್ವಿಚ್ಚು ಯಾಕೆ?" ಅಂದಳು ಸೊಸೆ.

"ಕಾರು ಹೊರಡದ ಹಾಗೆ ಮಾಡೋಕೆ. ಇದನ್ನ ಒತ್ತಿಟ್ಟು ಹೋದ್ರೆ ಯಾರು ಏನು ಮಾಡಿದ್ರೂ ಹಿಡಿಯಲ್ಲ. ಹಿಂದಿನ ಕಾಲದೋರು ಕಳ್ಳರಿಗೇಂತ ಹಾಕಿಸ್ತಿದ್ರು." ಅವನ ಸ್ವರ ಅಲ್ಲೇ ಇಳಿಯಿತು.

ಅತ್ತೆ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಬಗ್ಗಿ, ನೋವಿನ ಮಂಡಿಯನ್ನು ನೆಲಕ್ಕೆ ಊರಿ, ಆ ವೈರನ್ನು ಎರಡು ಬೆರಳಲ್ಲಿ ಹಿಡಿದರು. ಬಟ್ಟೆಯ ಹೊದಿಕೆಯ ವೈರು, ಕಪ್ಪು ನೆಲದ ಮೇಲೆ ಬಿಳಿ ಚುಕ್ಕೆ. ನಡುವೆ ಒಂದು ಕಡೆ ಸಾಲದೆ ಜೋಡಿಸಿದ್ದರು.

"ಇದು ನನ್ನ ಇಸ್ತ್ರಿ ಪೆಟ್ಟಿಗೇದು," ಅಂದರು.

ಸೊಸೆ ಒಳಗೆ ಹೋಗಿ ಪೆಟ್ಟಿಗೆ ತಂದಳು. ಮೊಳದುದ್ದದ ವೈರು. ಅದೇ ಕಪ್ಪು, ಅದೇ ಚುಕ್ಕೆ.

ಅತ್ತೆ ಹೇಳಿದ್ದು ಹೀಗೆ. ಮಗ ಸ್ಕೂಲಿಗೆ ಸೇರಿದ ವರ್ಷ ಊರಾಚೆಯ ಶಿಶುವಿಹಾರದಲ್ಲಿ ಅವರಿಗೆ ಮೇಲ್ವಿಚಾರಕಿಯ ಕೆಲಸ ಸಿಕ್ಕಿತ್ತು. ಬೆಳಗ್ಗೆ ಬೇಗ ಬಾಗಿಲು ತೆಗೆಯಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಲೈಸೆನ್ಸ್ ಇತ್ತು, ಕಾರಿತ್ತು, ಗಂಡನ ಕಾಲೇಜು ನಡೆಯುವಷ್ಟು ಹತ್ತಿರ. ಕೆಲಸಕ್ಕೆ ಹೋಗುವಾಗ ಬಟ್ಟೆ ನೆಟ್ಟಗಿರಬೇಕೆಂದು ಆ ಇಸ್ತ್ರಿ ಪೆಟ್ಟಿಗೆಯನ್ನು ಕೊಂಡದ್ದೂ ಆಗಲೇ. ಕೆಲಸಕ್ಕೆ ಸೇರಿದ ಮೊದಲ ವಾರವೇ ಕಾರು ಹಟ ಹಿಡಿಯಿತು. ಬೆಳಗ್ಗೆ ಅವರು ಎಷ್ಟು ತಿರುಗಿಸಿದರೂ ಹಿಡಿಯದು. ಸಂಜೆ ಗಂಡ ಬಂದು ಕೂತರೆ ಒಂದೇ ಸಲಕ್ಕೆ ಹಿಡಿಯುವುದು. ಪುಟ್ಟ ಮಕ್ಕಳು ಮುಚ್ಚಿದ ಬಾಗಿಲ ಮುಂದೆ ನಿಂತಿರುತ್ತಿದ್ದರು, ಇವರು ಅರ್ಧ ದಾರಿ ಓಡಿ, ಅರ್ಧ ದಾರಿ ಯಾರದೋ ಗಾಡಿ ಹಿಡಿದು ಹೋಗುತ್ತಿದ್ದರು. ಶಿಶುವಿಹಾರದವರು ಸ್ವಲ್ಪ ದಿನ ನೋಡಿದರು, ಆಮೇಲೆ ಬೇರೆಯವರನ್ನು ತೆಗೆದುಕೊಂಡರು.

"ದಿನಾ ಕೇಳ್ತಿದ್ದೆ, ನಾನೇನು ತಪ್ಪು ಮಾಡ್ತಿದೀನಿ ಹೇಳೀಂತ. ಚೋಕ್ ಜಾಸ್ತಿ ಎಳೀತೀಯ ಅಂದ್ರು. ಕಡಿಮೆ ಎಳೆದೆ. ಕಡಿಮೆ ಎಳೀತೀಯ ಅಂದ್ರು. ಕೊನೆಗೆ ಬಿಡು, ನಿನ್ನ ಕೈಗುಣ ಅಂದ್ರು. ನಾನು ನಂಬಿದೆ. ಆಮೇಲೆ ಮಿಕ್ಸಿ ಕೆಟ್ರೂ ನನ್ನ ಕೈಯೇ ಸರಿಯಿಲ್ಲ ಅನ್ಕೊಂಡೆ. ನಲ್ಲಿ ಕೆಟ್ರೂ."

ಸೊಸೆಗೆ ಬಂದದ್ದು ಕೋಪಕ್ಕಿಂತ ದೊಡ್ಡದು, ಕೂಗಿದರೂ ಹೋಗದಂಥದ್ದು. ಒಬ್ಬ ಹೆಂಗಸು ಇಷ್ಟು ವರ್ಷ ಸಾಕೆಟ್ಟಿನ ಬುಡದಲ್ಲಿ ಕುಕ್ಕರಿಸಿ ಕೂತು, ಮಂಡಿ ಸವೆಸಿಕೊಂಡು, ಅದೇ ಮನುಷ್ಯನ ಅಂಗಿಗೆ ಇಸ್ತ್ರಿ ಹಾಕಿದ್ದಾಳೆ! ಅವಳ ವೈರನ್ನೇ ಕತ್ತರಿಸಿ ಅವಳ ಕಾಲಿಗೇ ಕಟ್ಟಿದ್ದಾರೆ. ಇಲಿಯ ಮೇಲೆ ಬೇರೆ ಹಾಕಿದ್ದಾರೆ.

ಗೇಟಿನ ಸದ್ದಾಯಿತು. ಮಾವ ಬಂದರು. ಅಂಗಳದಲ್ಲಿ ಸೀಟು, ಮಗುಚಿದ ನೆಲಹಾಸು, ನಡುವೆ ಕೂತ ಹೆಂಡತಿ.

"ಯಾರು ಹೇಳಿದ್ದು ಇದನ್ನ ಬಿಚ್ಚೋಕೆ? ನೆಲಹಾಸು! ಅಯ್ಯೋ, ನೆಲಹಾಸು..."

ಅತ್ತೆ ವೈರು ಎತ್ತಿ ತೋರಿಸಿದರು.

ಮಾವ ಗಂಟಲು ಸರಿಮಾಡಿಕೊಂಡರು. "ಓ, ಅದಾ. ಆಗ ಕಾರು ಕಳ್ಳರ ಕಾಟ ಬಹಳ ಇತ್ತು. ಕಳ್ಳರಿಗೇಂತ ಹಾಕಿದ್ದು."

"ಕಳ್ಳರಿಗೆ ಹೇಳದೆ ಇದ್ದದ್ದು ಸರಿ," ಅಂದರು ಅತ್ತೆ. "ನನಗ್ಯಾಕೆ ಹೇಳ್ಲಿಲ್ಲ?"

ಮಾವ ಮಗನ ಕಡೆ ನೋಡಿದರು. ಮಗ ತಲೆ ತಿರುಗಿಸಿದ.

"ಕತ್ತಲು ಹರಿಯೋ ಮೊದಲೇ ಒಬ್ಬಳೇ ಅಷ್ಟು ದೂರ..." ಅಂದರು ಮಾವ. "ಮಗು ಚಿಕ್ಕದು. ಬೇಡ ಅಂದಿದ್ರೆ ನೀನು ಕೇಳ್ತಿದ್ಯಾ? ನಿನ್ನ ಒಳ್ಳೇದಕ್ಕೇ..."

"ಬೇಡ ಅಂದಿದ್ರೆ ಜಗಳ ಆಡ್ತಿದ್ದೆ," ಅಂದರು ಅತ್ತೆ. "ಆಡೋಕೆ ನಾನು ತಯಾರಿದ್ದೆ. ಕಲಿಸಿದ್ದು ನಾನೇ ಅಂತ ಊರೆಲ್ಲ ಹೇಳ್ಕೋಬೇಕು, ಆದ್ರೆ ನಾನು ಎಲ್ಲೂ ಹೋಗ್ಬಾರ್ದು. ಜಗಳ ಆಡಿ ಸೋಲೋಕೂ ನೀವು ನನಗೆ ಬಿಡಲಿಲ್ಲವಲ್ಲ. ನನ್ನ ಕೈಯಿಂದ್ಲೇ ನನ್ನನ್ನ ಸೋಲಿಸಿಬಿಟ್ರಿ."

"ಮಾವ," ಅಂದಳು ಸೊಸೆ, ತಡೆಯಲಾಗಲಿಲ್ಲ, "ಮೊನ್ನೆ ಡಾಕ್ಟರ್ ನೆಲಹಾಸು ಎತ್ತೋಕೆ ಹೋದಾಗ ಬೇಡ ಅಂದ್ರಲ್ಲ. ನಿಮಗೆ ಗೊತ್ತಿತ್ತು."

"ಆಗಿಹೋದ ವಿಷಯ," ಅಂದರು ಮಾವ. "ಈಗ ಯಾಕೆ ಅದೆಲ್ಲ?" ಒಳಗೆ ಹೋಗಿ ಪೇಪರು ಬಿಡಿಸಿಕೊಂಡು ಕೂತರು. ಬೆಳಗ್ಗೆ ಓದಿ ಮುಗಿಸಿದ ಪೇಪರು.

ವೈರನ್ನು ಅವತ್ತೇ ಕಿತ್ತುಹಾಕಿದರು. ಸ್ವಿಚ್ಚನ್ನು ಅತ್ತೆ ತೊಳೆದು ಒರೆಸಿ, ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕ ಇಟ್ಟರು. ಮಾವ ಉಪ್ಪಿಗೆ ಕೈ ಚಾಚಿದಾಗಲೆಲ್ಲ ಅದು ಕೈಗೆ ತಗುಲಬೇಕು. ಒಂದು ದಿನ ಅವರು ಅದನ್ನು ಎತ್ತಿ ಕಪಾಟಿನಲ್ಲಿ ಹಾಕಿದರು. ಮರುದಿನ ಅದು ಮತ್ತೆ ಉಪ್ಪಿನ ಪಕ್ಕ ಕೂತಿತ್ತು. ಆಮೇಲೆ ಮಾವ ಉಪ್ಪಿಲ್ಲದೇ ಊಟ ಮಾಡುವುದನ್ನು ಅಭ್ಯಾಸ ಮಾಡಿಕೊಂಡರು. ಅವರ ಅಂಗಿಗಳು ಸುಕ್ಕಾಗಿಯೇ ಹೊರಗೆ ಹೋಗತೊಡಗಿದವು. ಯಾರೂ ಮಾತು ಬಿಟ್ಟಿರಲಿಲ್ಲ, ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆದರೆ ಮಾವ ಒಂದು ಸಲವೂ ತಪ್ಪಾಯಿತು ಅನ್ನಲಿಲ್ಲ, ಅತ್ತೆ ಅದನ್ನು ಮರೆಯಲಿಲ್ಲ.

ಸೊಸೆ ಪ್ರತಿ ವಾರ ಅತ್ತೆಯನ್ನು ಅಕ್ಕನ ಮನೆಗೆ ಕರೆದುಕೊಂಡು ಹೋದಳು, ಸೀಟು ಪೂರ್ತಿ ಮುಂದಕ್ಕೆ ಎಳೆದುಕೊಂಡೇ. ಕಾರು ಎಲ್ಲೂ ನಿಲ್ಲಲಿಲ್ಲ. ಹೀಗೇ ಒಂದು ದಿನ ವಾಪಸು ಬರುವಾಗ ಅತ್ತೆ, "ನನ್ನ ಹಳೇ ಲೈಸೆನ್ಸ್ ಯಾವತ್ತೋ ಮುಗೀತು. ಕಲಿಯೋರ ಲೈಸೆನ್ಸ್ ನನ್ನ ವಯಸ್ಸಿಗೆ ಕೊಡ್ತಾರೇನೇ?" ಅಂದರು. ಕೊಟ್ಟರು. ಕಣ್ಣು ಪರೀಕ್ಷೆ ಮಾಡಿದವರು ಸೊಸೆಯನ್ನು ನೋಡಿ, "ಇವರಿಗಾ?" ಎಂದು ಕೇಳಿದರು. "ಇವರಿಗೇ" ಅಂದಳು ಸೊಸೆ, ಮುಂದಿನ ಪ್ರಶ್ನೆ ಹುಟ್ಟದ ಹಾಗೆ.

ಊರಂಚಿನಲ್ಲಿ ಮುಚ್ಚಿಹೋದ ಗಿರಣಿಯ ದೊಡ್ಡ ಅಂಗಳವಿತ್ತು. ಅಲ್ಲಿಗೆ ಹೊರಟ ದಿನ ಅತ್ತೆ ಮಾವನ ಕೋಣೆಯ ಬಾಗಿಲಲ್ಲಿ ನಿಂತು, "ಕಲಿಸಿದೋರು ನೀವೇ ಅಲ್ವಾ? ಬನ್ನಿ, ಹಿಂದೆ ಕೂತ್ಕೊಳ್ಳಿ," ಅಂದರು. ಕರೆದದ್ದೋ ಅಪ್ಪಣೆಯೋ ಮಾವನಿಗೂ ತಿಳಿಯಲಿಲ್ಲವೇನೋ, ಚಪ್ಪಲಿ ಮೆಟ್ಟಿಕೊಂಡು ಬಂದರು.

ಅಂಗಳದಲ್ಲಿ ಅತ್ತೆ ಸ್ಟೀರಿಂಗಿನ ಮುಂದೆ ಕೂತರು. ಸೀಟು ಮುಂದಕ್ಕೆ ಎಳೆದುಕೊಂಡರು, ಕೊನೆಯವರೆಗೆ. ಸೊಸೆ ಪಕ್ಕದಲ್ಲಿ, ಮಾವ ಹಿಂದೆ. ಅತ್ತೆ ಕೀಲಿ ತಿರುಗಿಸಿದರು, ಹಿಡಿಯಿತು. ಗೇರು ಹಾಕಿದರು, ಕಾಲು ಎತ್ತಿದರು. ಕಾರು ಒಂದು ಸಲ ಮುಂದಕ್ಕೆ ಕುಪ್ಪಳಿಸಿ, ಎಲ್ಲರ ತಲೆ ಅಲ್ಲಾಡಿಸಿ, ನಿಂತುಹೋಯಿತು.

"ನಾನು ಹೇಳ್ಲಿಲ್ವಾ..." ಎಂದು ಹಿಂದಿನಿಂದ ಬಂತು. ಅಭ್ಯಾಸ ಬಲ. ಬಂದಷ್ಟೇ ಬೇಗ ನಿಂತಿತು ಕೂಡ.

ಸೊಸೆ ತಿರುಗಿ ಏನೋ ಅನ್ನುವುದರಲ್ಲಿದ್ದಳು. ಅತ್ತೆ ಕೈ ಎತ್ತಿ ತಡೆದರು.

"ಇದು ನಾನೇ ನಿಲ್ಲಿಸಿದ್ದು," ಅಂದರು ಅತ್ತೆ, ಮುಂದೆ ನೋಡುತ್ತಲೇ. "ಕ್ಲಚ್ಚು ಬೇಗ ಬಿಟ್ಟೆ. ನನ್ನದೇ ತಪ್ಪು. ಇನ್ನೂ ಎಷ್ಟೋ ಸಲ ನಿಲ್ಲಿಸ್ತೀನಿ, ಅದೆಲ್ಲಾ ನಂದೇ. ಆದ್ರೆ ಶಿಶುವಿಹಾರಕ್ಕೆ ಹೊರಟಾಗ ದಿನಾ ಬೆಳಗ್ಗೆ ನಿಲ್ತಿದ್ದದ್ದು ನಂದಲ್ಲ. ಅದು ಯಾರದೂಂತ ನಿಮ್ಮ ಬಾಯಲ್ಲೇ ಹೇಳಿ. ಹೇಳೋ ತನಕ ನಾನು ಕೀಲಿ ಮುಟ್ಟಲ್ಲ. ಮನೆಗೆ ನಡ್ಕೊಂಡು ಹೋಗೋದಾದ್ರೆ ಬಾಗಿಲಿಗೇನೂ ಬೀಗ ಹಾಕಿಲ್ಲ."

ಗಿರಣಿಯ ಒಡೆದ ಕಿಟಕಿಗಳಿಂದ ಪಾರಿವಾಳಗಳು ಹಾರಿ ಮತ್ತೆ ಬಂದು ಕೂತವು. ಬಿಸಿಲು ಬಾನೆಟ್ಟಿನ ಮೇಲೆ ಬಿದ್ದಿತ್ತು. ಹಿಂದಿನ ಸೀಟಿನ ಸ್ಪ್ರಿಂಗು ಒಂದು ಸಲ ಕಿರುಗುಟ್ಟಿತು. ಸೊಸೆ ಬಾಗಿಲು ತೆರೆಯುವ ಸದ್ದಿಗಾಗಿ ಕಾದಳು.

"ನಂದು," ಅಂದರು ಮಾವ.

"ಕೇಳಿಸಲಿಲ್ಲ."

"ಅದು ನಂದು. ನಾನೇ ನಿಲ್ಲಿಸಿದ್ದು. ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ."

ಕೊನೆಯ ಬೆಂಚಿನವರೆಗೆ ಕೇಳಿಸುವ ದನಿ ಅದಾಗಿರಲಿಲ್ಲ. ಆದರೂ ಕೇಳಿಸಿತು. ಅತ್ತೆ ಅಳುತ್ತಾರೇನೋ, ಪರವಾಗಿಲ್ಲ ಬಿಡಿ ಅನ್ನುತ್ತಾರೇನೋ ಎಂದು ಸೊಸೆ ನೋಡಿದಳು. ಅತ್ತೆ ಎರಡೂ ಮಾಡಲಿಲ್ಲ. ಕನ್ನಡಿಯಲ್ಲಿ ಮಾವನ ಮುಖ ಕಾಣುತ್ತಿತ್ತು. ಅದನ್ನು ಹಿಂದಿನ ರಸ್ತೆ ಮಾತ್ರ ಕಾಣುವ ಹಾಗೆ ಒಂದು ಬೆರಳಿನಿಂದ ತಿರುಗಿಸಿ, ಸೆರಗಿನಿಂದ ಅಂಗೈ ಒರೆಸಿಕೊಂಡು, ಕೀಲಿ ತಿರುಗಿಸಿದರು.

ಕಾರು ಒಂದೇ ಸಲಕ್ಕೆ ಹಿಡಿಯಿತು.